ಗುಲ್ಮರ್ಗಿಗೆ ಒಂದು ನೆಪ

ಮಾನ್ಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯವಾದ ವೇಳೆಯನ್ನು ಈ ಹಾಳೆಗಳಿಗಾಗಿ ವ್ಯಯಿಸಲು ತಾವು ಮನಸ್ಸು ಮಾಡಿರುವುದರಿಂದ, ಮೊದಲಿಗೇ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯವಾಗಿದೆ. ಈ ಕಥನದಲ್ಲಿ ಕೊಲೆಯಿಲ್ಲ, ಗುಪ್ತ ಸುರಂಗವಿಲ್ಲ, ಮಾರುವೇಷದ ರಾಜಕುಮಾರನೂ ಇಲ್ಲ. ಸಾಂಗ್ಲಿ ಪೇಟೆಯ ಶೇಂಗಾ ವ್ಯಾಪಾರಸ್ಥರ ಮನೆತನದಲ್ಲಿ ಹುಟ್ಟಿ, ನಲವತ್ತೊಂದು ವರ್ಷದವನಾದ ರೇವಪ್ಪನೆಂಬ ಗೃಹಸ್ಥನು ಮನೆ ಬಿಟ್ಟು ಒಂದು ಕಡೆಗೆ ಹೊರಡಲು ಹೇಗೆ ಹೆಣಗಿದನೆಂಬುದಷ್ಟೇ ಇದೆ. ಆ ರೇವಪ್ಪನು ನಾನೇ. ಆದರೂ ಅವನನ್ನು ತುಸು ದೂರ ನಿಲ್ಲಿಸಿ ‘ಅವನು’ ಎಂದೇ ಕರೆಯುತ್ತೇನೆ. ‘ನಾನು’ ಎಂದು ಬರೆಯಹೊರಟರೆ ಕೈ ನನ್ನ ಪರವಾಗಿಯೇ ವಾದಿಸತೊಡಗುತ್ತದೆ.

ಮೇಜರ್ ವಿಲ್ಮಟ್ ಸಾಹೇಬನ ಕಾಗದ ಬಂದು ಎಂಟು ದಿನವಾಗಿತ್ತು. ಕೋಟಿನ ಒಳಜೇಬಿನಲ್ಲಿ ಅದು ಬೆವರಿಗೆ ಮೆತ್ತಗಾಗಿತ್ತು. ‘ನನ್ನ ಮೊಳಕಾಲು ಕೈಕೊಟ್ಟಿದೆ, ಗುಲ್ಮರ್ಗಿನ ಗುಡಿಸಲು ಮಾತ್ರ ಇನ್ನೂ ನಿಂತಿದೆ. ಈ ಚಳಿಗಾಲ ಹಿಮದ ಮೇಲೆ ಜಾರುವ ಹಲಗೆಗಳನ್ನು ನೋಡಿಕೊಳ್ಳಲು ತಿಳಿದವನೊಬ್ಬ ಬೇಕು. ನೀನು ಬದುಕಿದ್ದೀಯಾ? ಇನ್ನೂ ಜಾರಬಲ್ಲೆಯಾ?’ ಇಷ್ಟೇ. ಅಂದು ಬೆಳಿಗ್ಗೆಯೂ ರೇವಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಗೋಡೆಯ ಕಡೆಗೆ ಮುಖ ಮಾಡಿ ಪೂಜೆಗೆ ಕುಳಿತ. ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆರೆದು, ಅದರೊಳಗಿನದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಒಡನೆಯೇ ಒಂದು ಬಿಲ್ವಪತ್ರೆಯಿಂದ ಮುಚ್ಚಿದ. ಹೆಂಡತಿ ನೀಲಗಂಗವ್ವ ನೀರಿನ ತಂಬಿಗೆ ತಂದಿಟ್ಟಳು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು, ಇಣುಕಿಯೂ ನೋಡಬಾರದು ಎಂಬ ಮರ್ಯಾದೆಗೆ ಮುಖ ತಿರುಗಿಸಿಕೊಂಡು ಹೋದಳು. ಹನ್ನೊಂದು ವರ್ಷಗಳಿಂದ ಅವನನ್ನು ಕಾಪಾಡಿದ್ದು ಈ ಮರ್ಯಾದೆಯೇ. ಪತ್ರೆಯ ಕೆಳಗಿದ್ದದ್ದು ಹರಿಪುರದ ಸಂಗಮದಲ್ಲಿ ಹೆಕ್ಕಿದ ಒಂದು ಕರಿಯ ಗುಂಡುಕಲ್ಲು. ದಿನವೂ ಹೀಗೆ ತಿರುಗುವ ಹೆಂಡತಿಯ ಆ ಮುಖವನ್ನು ಅವನು ನೋಡಿದ್ದಿಲ್ಲ, ತಿರುಗುವಾಗಿನ ಬಳೆಯ ಸದ್ದನ್ನಷ್ಟೇ ಕೇಳಿದ್ದ.

ಅಂಗೈಯ ವಿಭೂತಿಯ ಮೇಲೆ ಬೆಳಕಿಂಡಿಯ ಬಿಸಿಲು ಬಿತ್ತು. ಬಿದ್ದೊಡನೆ ಅದು ಗುಲ್ಮರ್ಗಿನ ಹಿಮದ ಇಳಿಜಾರಾಯಿತು. ಮೇಲೆ ದೇವದಾರುಗಳು, ಕೆಳಗೆ ಯಾರೂ ತುಳಿಯದ ಬಿಳುಪು, ಪಕ್ಕದಲ್ಲಿ ಬೀಡಿ ಸೇದುತ್ತ ನಿಂತ ಕಾಶ್ಮೀರಿ ಗಫಾರ. ಮೊಳಕಾಲು ಮಡಿಸು, ಎದೆ ಮುಂದೆ ಹಾಕು, ಕಣಿವೆಗೆ ಹೆದರಿ ಹಿಂದಕ್ಕೆ ವಾಲಿದೆಯೋ ಬಿದ್ದೆ ಎಂದು ಅವನು ಹಿಂದುಸ್ತಾನಿಯಲ್ಲಿ ಬೈಯುತ್ತಿದ್ದ. ಸಾಹೇಬನ ಹಲಗೆಗಳಿಗೆ ಮೇಣ ತಿಕ್ಕುವ ಆಳಾಗಿ ಹೋದ ರೇವಪ್ಪ, ಸಾಹೇಬರು ಊಟಕ್ಕೆ ಕುಳಿತ ಹೊತ್ತಿನಲ್ಲಿ ಅವರ ಬೂಟುಗಳಿಗೆ ಚಿಂದಿ ತುರುಕಿ ಕಾಲಿಗೇರಿಸಿಕೊಂಡು, ಮೂರು ಚಳಿಗಾಲ ಕದ್ದು ಜಾರಿದ. ಮೂರನೆಯ ಚಳಿಗಾಲದ ಒಂದು ಮಧ್ಯಾಹ್ನ ತಿರುವಿನಲ್ಲಿ ಬಿದ್ದು ಉರುಳಿದಾಗ ಕೊರಳಿನ ಶಿವದಾರ ಹರಿಯಿತು. ಕರಡಿಗೆ ಸಿಕ್ಕಿತು, ಬಾಯಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಹುಟ್ಟಿದ ಹನ್ನೊಂದನೆಯ ದಿನ ಕಟ್ಟಿದ ಲಿಂಗ. ಅದು ಮೈಮೇಲಿಲ್ಲದವನು ನೀರನ್ನೂ ಮುಟ್ಟಬಾರದೆಂದು ಅಜ್ಜಿ ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದ್ದಳು. ಹೊತ್ತು ಮುಳುಗುವವರೆಗೆ ಬರಿಗೈಯಿಂದ ಬಗೆದ. ಬೆರಳು ನೀಲಿಯಾದವು. ಆಮೇಲೆ ಗುಡಿಸಲಿಗೆ ಬಂದು ಬಿಸಿ ರೊಟ್ಟಿ ತಿಂದ, ಮೂರು. ಅವು ರುಚಿಯಾಗಿದ್ದವು. ಅದನ್ನಾದರೂ ಹಸಿವೆಯ ಮೇಲೆ ಹಾಕಬಹುದಿತ್ತು. ಆದರೆ ಬಗೆಯುತ್ತಿದ್ದಾಗ ಅವನ ಕಣ್ಣು ಪದೇ ಪದೇ ಹೋಗುತ್ತಿದ್ದುದು ತನ್ನದೇ ಹಲಗೆಗಳ ಎರಡು ಗೆರೆಗಳ ಕಡೆಗೆ. ಭಾರ ಎಲ್ಲಿ ತಪ್ಪಿತು, ಹೊರಗಾಲಿನ ಮೇಲೆ ಇನ್ನೊಂದು ಗಳಿಗೆ ನಿಂತಿದ್ದರೆ ಆ ತಿರುವು ಹೇಗೆ ಕೂಡಿಬರುತ್ತಿತ್ತು ಎಂಬ ಲೆಕ್ಕಾಚಾರಕ್ಕೆ. ಮರುದಿನ ಹುಡುಕುವ ನೆವದಲ್ಲಿ ಅದೇ ಇಳಿಜಾರನ್ನು ಏಳು ಸಲ ಇಳಿದ. ಏಳನೆಯ ಸಲ ತಿರುವು ಕೂಡಿಬಂತು. ಅವನು ಕೂಗಿದ್ದ, ಸಂತೋಷದಿಂದ. ಹನ್ನೊಂದು ವರ್ಷಗಳಲ್ಲಿ ಅವನು ಯಾರಿಗೂ ಹೇಳಲಾರದೆ ಹೋದದ್ದು ಕಳೆದ ಲಿಂಗದ ಸುದ್ದಿಯನ್ನಲ್ಲ, ಆ ಕೂಗನ್ನು.

ಮಾಧವನಗರದಲ್ಲಿ ಅವರ ಶೇಂಗಾ ಒಡೆಯುವ ಕಾರಖಾನೆಯಿತ್ತು. ಹಿತ್ತಲಿನಲ್ಲಿ ಹೊಟ್ಟಿನ ರಾಶಿ ಛಾವಣಿಗಿಂತ ಎತ್ತರವಾಗಿ ಬೆಳೆದಿತ್ತು. ಒಣಗಿದ ಹೊಟ್ಟು ಕಾಲಿಟ್ಟರೆ ಸರ್ರನೆ ಜಾರುವುದನ್ನು ರೇವಪ್ಪ ಎಷ್ಟೋ ವರ್ಷಗಳಿಂದ ಬಲ್ಲ, ಅರಿಯದವನಂತೆ ಅದರ ಪಕ್ಕದಲ್ಲಿ ಹಾದುಹೋಗುತ್ತಿದ್ದ. ಕಾಗದ ಬಂದ ಮೇಲೆ ಎರಡು ಸಾಗವಾನಿ ಹಲಗೆಗಳನ್ನು ಕೀಸಿ, ತುದಿಗಳನ್ನು ಕುದಿಯುವ ನೀರಿನಲ್ಲಿಟ್ಟು ಬಾಗಿಸಿ, ತಳಕ್ಕೆ ಶೇಂಗಾ ಎಣ್ಣೆ ತಿಕ್ಕಿದ್ದ. ಅಂದು ಮಧ್ಯಾಹ್ನ ಹಮಾಲರು ಊಟ ಮಾಡಿ ಅಡ್ಡಾಗಿದ್ದ ಹೊತ್ತಿಗೆ, ಹಲಗೆಗಳನ್ನು ಹೆಗಲ ಮೇಲೆ ಹೊತ್ತು, ಧೋತರವನ್ನು ಎತ್ತಿ ಕಟ್ಟಿ, ಹಿಂದಿನಿಂದ ರಾಶಿಯನ್ನೇರಿದ. ಪಾದಗಳನ್ನು ಚರ್ಮದ ಪಟ್ಟಿಗಳಿಂದ ಬಿಗಿದುಕೊಂಡು, ಎರಡು ಬಿದಿರುಕೋಲುಗಳನ್ನು ಊರಿ ನಿಂತಾಗ ಅವನಿಗೆ ಗಿರಣಿಯ ಚಿಮಣಿ ಕಂಡಿತು, ಅದರಾಚೆ ಕಬ್ಬಿನ ಹೊಲ, ಅದರಾಚೆ ಬಿಸಿಲಿನಲ್ಲಿ ನಡುಗುವ ಮಿರಜದ ದಾರಿ. ಮೊಳಕಾಲು ಮಡಿಸಿದ. ಕೋಲು ದೂಡಿದ. ಆಹಾ, ಪಾದದ ಕೆಳಗಿನ ನೆಲ ತನ್ನ ಹಟ ಬಿಟ್ಟಿತು. ನಲವತ್ತೊಂದು ವರ್ಷದ ಮೊಳಕಾಲುಗಳು ಯಾರೂ ಹೇಳದೆಯೇ ತಮ್ಮ ಕೆಲಸವನ್ನು ನೆನಪು ಮಾಡಿಕೊಂಡವು. ಅಷ್ಟರಲ್ಲಿ ಎದುರಿನ ಗೋಡೆ ದೊಡ್ಡದಾಯಿತು, ಅವನು ಹೆದರಿದ, ಹಿಂದಕ್ಕೆ ವಾಲಿದ. ಮುಂದಿನದು ಆಕಾಶ, ಹೊಟ್ಟು, ಬಾಯಿ ತುಂಬ ಹೊಟ್ಟು.

“ಅರೇ ದೇವಾ! ಮಾಲಕ ಬಿದ್ರೋ!” ಹಮಾಲ ಬಾಳು ಓಡಿಬಂದ, ಅವನ ಹಿಂದೆ ಉಳಿದವರು. ಮಾಲೀಕನ ಮೈಯಲ್ಲಿ ಏನೂ ಮುರಿದಿಲ್ಲವೆಂದು ಖಾತ್ರಿಯಾದ ಮೇಲೆ ಬಾಳುವಿನ ಮುಖ ಬಿರಿಯತೊಡಗಿತು. “ಮಾಲಕ, ಮತ್ತೊಂದ್ ಡಾವ ಜಾರ್ರಲಾ. ಇವ್ರ್ಯಾರೂ ನೋಡಿಲ್ಲ, ನಾ ಒಬ್ಬನ ನೋಡೇನಿ. ಹೇಳಿದ್ರ ಖರೇ ಅನ್ನಂಗಿಲ್ಲ.”

ನಗೆ ಫಕ್ಕನೆ ನಿಂತಿತು. ಕೊಡೆ ಮಡಚಿಕೊಂಡು ಗುರುಸಿದ್ಧಪ್ಪ ಕಾಕಾ ಬಂದಿದ್ದರು. ತಂದೆ ತೀರಿದ ಮೇಲೆ ಮನೆತನಕ್ಕೂ ವ್ಯಾಪಾರಕ್ಕೂ ಅವರೇ ಹಿರಿಯರು. ಅವರು ರೇವಪ್ಪನನ್ನಾಗಲಿ ಹಲಗೆಗಳನ್ನಾಗಲಿ ನೋಡುತ್ತಿರಲಿಲ್ಲ. ಅವರ ಚಪ್ಪಲಿಯಿಂದ ಗೇಣು ದೂರದಲ್ಲಿ, ಬಿದ್ದ ರಭಸಕ್ಕೆ ಕೊರಳಿನಿಂದ ಹರಿದುಬಂದ ಕರಡಿಗೆ ತೆರೆದು ಬಿದ್ದಿತ್ತು, ಅದರ ಪಕ್ಕದಲ್ಲಿ ಗುಂಡುಕಲ್ಲು. ಕರಿಯ ಮೈಯ ನಡುವೆ ಎಲ್ಲರಿಗೂ ಕಾಣುವಂತೆ ಒಂದು ಬಿಳಿಯ ಗೆರೆ. ಕಾಕಾ ಹಮಾಲರನ್ನು ಕೈಸನ್ನೆಯಿಂದ ಕಳಿಸಿದರು. ಬಗ್ಗಿದರು, ಮುಟ್ಟಲಿಲ್ಲ.

“ಏನೋ ಇದು, ರೇವೂ?”

“ಕಲ್ಲು ರಿ, ಕಾಕಾ.”

“ಮತ್ತ ಲಿಂಗ?”

“ಕಾಶ್ಮೀರದಾಗ ಹೋತ್ರಿ. ಬರ್ಫದಾಗ. ಹನ್ನೊಂದ್ ವರ್ಷ ಆತು.” ಮುಂದಿನ ಮಾತು ತಾನಾಗಿ ಬಂತು. “ಹೋಗಿ ಹುಡುಕಿ ತರಬೇಕು ಅಂತೀನ್ರಿ. ಹಲಗಿ ಇಲ್ದ ಆ ಜಾಗಾಕ್ಕ ಹೋಗಾಕ ಬರಂಗಿಲ್ಲ. ಅದಕ್ಕ ಕಾಲಿಗೆ ರೂಢಿ ಮಾಡ್ಕೊಳ್ಳಾಕತ್ತಿದ್ದೆ.”

ಬೈಗುಳ ಬರುತ್ತದೆಂದು ಅವನು ಕತ್ತು ತಗ್ಗಿಸಿ ಕಾದ. ಬರಲಿಲ್ಲ. ತಲೆಯೆತ್ತಿದರೆ ಕಾಕಾ ಉಪರಣೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಹನ್ನೊಂದ್ ವರ್ಷ ಒಬ್ಬನ ಹೊತ್ತುಗೊಂಡ್ ತಿರಗಿದ್ಯಲ್ಲೋ,” ಎಂದರು.

ಮನೆಯಲ್ಲಿ ಸುದ್ದಿ ಹೇಳಿದವರೂ ಕಾಕಾ ಅವರೇ. ನೀಲಗಂಗವ್ವ ಜೋಳದ ಹಿಟ್ಟಿನ ಕೈಯಲ್ಲೇ ಕೇಳಿದಳು. ಕೈ ತೊಳೆದುಕೊಂಡು ದೇವರ ಜಗಲಿಯ ಮುಂದೆ ನಿಂತು, ದಿನದ ಸಾಮಾನಿನ ಯಾದಿ ಓದುವ ದನಿಯಲ್ಲಿ ಹೇಳಿದಳು: “ಅದು ಸಿಗೂತನಕ ನಾ ರೊಟ್ಟಿ ಮುಟ್ಟಂಗಿಲ್ಲ, ಅನ್ನ ಮುಟ್ಟಂಗಿಲ್ಲ. ಒಂದ್ ಹೊತ್ತು ಹಾಲು, ಒಂದ್ ಬಾಳಿಹಣ್ಣು.” ರೇವಪ್ಪ ಬಾಯಿ ತೆರೆದ. ಹೇಳಬೇಕಾದದ್ದು ಇತ್ತು, ಒಂದೇ ವಾಕ್ಯದಷ್ಟು. ಕಾಕಾ ಅವನ ಬೆನ್ನ ಮೇಲೆ ಕೈಯಿಟ್ಟರು. ಆ ಕೈಯ ಬಿಸುಪಿನಲ್ಲಿ ವಾಕ್ಯ ಕರಗಿಹೋಯಿತು.

ನಂತರದ ಮೂರು ದಿನ ಅವನು ನಗೆಗಾಗಿ ಹಂಬಲಿಸಿದ. ಪೇಟೆಯಲ್ಲಿ ಜನ ದಾರಿ ಬಿಟ್ಟು ನಿಂತು ಶರಣೆಂದರು. ಎಂದೂ ಮಾತಾಡಿಸದ ಅಡತಿ ಅಂಗಡಿಯ ದಲಾಲರು ಕುರ್ಚಿಯಿಂದ ಎದ್ದರು. ಕಾರಖಾನೆಗೆ ಹೋದರೆ, ಆ ಎರಡು ಸಾಗವಾನಿ ಹಲಗೆಗಳನ್ನು ಯಾರೋ ಗೋಡೆಗೆ ನೆಟ್ಟಗೆ ಆನಿಸಿ ನಿಲ್ಲಿಸಿದ್ದರು; ಬಾಗಿದ ತುದಿಗಳಿಗೆ ವಿಭೂತಿ ಬಳಿದು, ಒಂದೊಂದು ಚೆಂಡುಹೂ ಸಿಕ್ಕಿಸಿದ್ದರು. ಬಾಳು ಅವುಗಳ ಮುಂದೆ ಹಾದುಹೋಗುವಾಗ ಚಪ್ಪಲಿ ಬಿಡುತ್ತಿದ್ದ. ಮನೆಯಲ್ಲಿ ನೀಲಗಂಗವ್ವ ಮೊದಲಿನಂತೆಯೇ ರೊಟ್ಟಿ ಬಡಿದಳು. ಆ ಟಪಟಪ ಸದ್ದು ಮೊದಲಿನಷ್ಟೇ ಸಮನಾಗಿತ್ತು, ನಡುನಡುವೆ ಮಾತ್ರ ಒಂದು ಗಳಿಗೆ ನಿಲ್ಲುತ್ತಿತ್ತು; ಒಲೆಯ ಕಟ್ಟೆಗೆ ಕೈಯೂರಿ ಆಕೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಅವನು ಕುಳಿತು ತಿಂದ. ಬಡಿಸುತ್ತ ಆಕೆ “ದೂರದ ದಾರಿ, ಹೊಟ್ಟಿ ತುಂಬ ಉಣ್ರಿ” ಎಂದಳು. ಎರಡನೆಯ ರೊಟ್ಟಿ ಮುರಿಯುವಾಗ ಅವನಿಗೆ ಗುಡಿಸಲಿನ ಬೆಂಕಿ ಕಂಡಿತು, ನೀಲಿ ಬೆರಳುಗಳು ಕಂಡವು, ನಾಳೆಯ ತಿರುವಿನ ಯೋಚನೆಯಲ್ಲಿ ಅಗಿಯುತ್ತಿದ್ದ ತನ್ನದೇ ಬಾಯಿ ಕಂಡಿತು. ಅಂದು ಹಸಿದವನು ತಾನು, ತಿಂದವನೂ ತಾನು. ಈಗ ಹಸಿಯುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ತಿನ್ನುತ್ತಿದ್ದಾನೆ. ಆದರೂ ತಿಂದ. ಕಾರಖಾನೆಯ ಕೊಳವೆಯಲ್ಲಿ ಕಾಳು ಇಳಿದ ಹಾಗೆ ತುತ್ತುಗಳು ಇಳಿದವು, ಮತ್ತು ಪ್ರತಿ ತುತ್ತಿನ ಹಿಂದೆ ಆ ಹಾಳು ಮೊಳಕಾಲುಗಳು ಮಡಿಸಿಕೊಳ್ಳಲು ಕಾಯುತ್ತಿದ್ದವು.

ಮೂರನೆಯ ಸಂಜೆ, ಹೊರಡುವ ಮುಹೂರ್ತ ಕೇಳಲೆಂದು, ಕಾಕಾ ಮಿರಜದ ಮಠದಿಂದ ಕಲ್ಲಯ್ಯನವರನ್ನು ಕರೆತಂದರು. ಕಲ್ಲಯ್ಯನವರು ತೆಳ್ಳಗಿನ ಮುದುಕರು, ಮನೆಮನೆಯ ಜನನ ಮರಣಗಳನ್ನು ನೋಡಿ ನೋಡಿ ಯಾವುದಕ್ಕೂ ಬೆರಗಾಗದ ಮುಖದವರು. ಪಾದಪೂಜೆ ಮುಗಿದ ಮೇಲೆ ಕಾಕಾ ಎಲ್ಲವನ್ನೂ ಹೇಳಿದರು. ಅಯ್ಯನವರು ಕೇಳಿಸಿಕೊಂಡು ಎಲೆಯಡಿಕೆಯ ತಾಟನ್ನು ಹತ್ತಿರ ಎಳೆದುಕೊಂಡರು.

“ಇಷ್ಟ ಹೌದಲ್ಲೋ?” ಎಂದರು. “ಹೊಳ್ಯಾಗ ಈಸಾಕ ಹೋಗಿ ಕಳಕೊಂಡ ಬರ್ತಾರ, ಸಂತ್ಯಾಗ ಕಳಕೊಂಡ ಬರ್ತಾರ. ಹೋದ ವರ್ಷ ಬೇಡಗ ಊರಾವ ಒಬ್ಬಾವ ಬಾವ್ಯಾಗ ಕೆಡವಿದ್ದ. ಸೋಮವಾರ ಜಳಕಾ ಮಾಡಿ ಮಠಕ್ಕ ಬಾ. ಹೊಸಾದು ಕಟ್ಟತೀನಿ.”

“ಅಂದ್ರ... ಹುಡುಕಾಕ ಹೋಗೂದು ಬ್ಯಾಡೇನ್ರಿ?” ಕಾಕಾ ಕೇಳಿದರು.

“ಯಾಕ ಬೇಕು? ಹನ್ನೊಂದ್ ವರ್ಷ ಆ ಹೊಳೀಕಲ್ಲಿಗೆ ಪತ್ರಿ ಏರಿಸ್ಯಾನ. ಆ ಕಲ್ಲಿಗೂ ಸಾಕಾಗಿರಬೇಕು. ತಂಗಿ, ನೀನೂ ಏಳು, ಒಂದ್ ತುತ್ತು ಉಣ್ಣು. ಮಾರಿ ಬತ್ತೇತಿ.”

ನೀಲಗಂಗವ್ವ ಎದ್ದಳು. ಮೂರು ದಿನಗಳಲ್ಲಿ ಮೊದಲ ಸಲ ಆಕೆಯ ಭುಜಗಳು ಸಡಿಲಾದವು. ಅಡುಗೆಮನೆಯ ಹೊಸ್ತಿಲಿಗೆ ಒಂದು ಕಾಲಿಟ್ಟಳು. ರೇವಪ್ಪನ ಎದೆಯಲ್ಲಿ ಆಗ ಉಂಟಾದದ್ದು ನೆಮ್ಮದಿಯಲ್ಲ, ಕಳವಳ. ಬಾಗಿಲೊಂದು ಮುಚ್ಚಿಕೊಳ್ಳುತ್ತಿತ್ತು, ಇಳಿಜಾರು, ದೇವದಾರು, ಬಿಳುಪು, ಎಲ್ಲವೂ ಅದರ ಆಚೆ ಉಳಿಯುತ್ತಿದ್ದವು. ತನ್ನ ದನಿ ತನಗೇ ಕೇಳಿಸಿತು: “ಆದ್ರೂ ಹುಟ್ಟಿದಾಗ ಕಟ್ಟಿದ್ದು ರಿ, ಅಯ್ಯಾ. ಹೋಗಿ ನೋಡಿದ ಹೊರ್ತು ಮನಸಿಗೆ ಸಮಾಧಾನ ಆಗಂಗಿಲ್ಲ.”

ಹೊಸ್ತಿಲ ಮೇಲಿನ ಕಾಲು ಹಿಂದಕ್ಕೆ ಬಂತು. ನೀಲಗಂಗವ್ವ ಸದ್ದಿಲ್ಲದೆ ತನ್ನ ಜಾಗಕ್ಕೆ ಮರಳಿ, ಸೆರಗು ಸರಿಮಾಡಿಕೊಂಡು ಕುಳಿತಳು.

ಕಲ್ಲಯ್ಯನವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು. “ಹನ್ನೊಂದ್ ಚಳಿಗಾಲದ ಬರ್ಫ ಬಿದ್ದೈತಿ, ಕರಗೇತಿ. ಎಲ್ಲೆ ಹುಡುಕತೀಪಾ?”

“ಜಾಗಾ ನೆನಪೈತ್ರಿ.”

“ಜಾಗಾ ಭಾಳ ಚೊಲೋ ನೆನಪೈತಿ ನಿನಗ,” ಎಂದು ಅಯ್ಯನವರು ಅವನ ಮುಖವನ್ನೇ ನೋಡಿದರು. ಆಮೇಲೆ ಅಡಕೆ ಬಾಯಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೊಡ ಉರುಳಿದ ಸದ್ದಾಯಿತು. ರೇವಪ್ಪ ಓಡಿಹೋದಾಗ ನೀಲಗಂಗವ್ವ ರಾಟೆಯ ಕಂಬವನ್ನು ತಬ್ಬಿಕೊಂಡು ಕುಳಿತಿದ್ದಳು, ಕಣ್ಣು ಮುಚ್ಚಿಕೊಂಡು. ಹಗ್ಗ ಇನ್ನೂ ಅಲುಗುತ್ತಿತ್ತು. “ಏನಿಲ್ರಿ, ಜೋಲಿ ಹೋದಂಗಾತು,” ಎಂದಳು. “ಸಿಗತೈತಿ, ನೋಡ್ತಿರ್ರಿ. ನನ್ನ ಮನಸು ಹೇಳ್ತೈತಿ.” ಒದ್ದೆ ಕಲ್ಲಿನ ಮೇಲೆ ಆಕೆಯ ಎದುರಿಗೇ ಅವನು ಕುಳಿತ. ಇನ್ನೂ ಒಂದು ನೆಪ ಉಳಿದಿದೆಯೇ ಎಂದು ಮನಸ್ಸು ತಡಕಾಡಿತು. ಒಂದೂ ಇರಲಿಲ್ಲ. ಅವನು ಹೇಳಿದ. ನಾನು ಹೇಳಿದೆ.

“ನಾ ಲಿಂಗ ಹುಡುಕಾಕ ಹೊಂಟಿಲ್ಲ, ನೀಲಾ. ಅದು ಸಿಗಂಗಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ತು. ನಾ ಹೊಂಟಿದ್ದು ಜಾರಾಕ.”

“ಏನಾಕ?”

“ಜಾರಾಕ. ಬರ್ಫದ ಗುಡ್ಡದ ಮ್ಯಾಲಿಂದ ಹಲಗಿ ಕಟಗೊಂಡು. ಬ್ಯಾರೆ ಏನೂ ಇಲ್ಲ. ಆಟ ಅದು. ಲಿಂಗ ಹೋದ ಮರದಿನಾನೂ ಆಡೇನಿ. ಕುಣದಾಡೇನಿ.”

ಆಕೆ ಕಂಬ ಬಿಟ್ಟು ನೆಟ್ಟಗೆ ಕುಳಿತಳು. “ನಾಕ್ ದಿನಾ,” ಎಂದಳು, “ನಾಕ್ ದಿನಾ ನನ್ನ ಉಪಾಸ ಕೆಡವಿ ಎದರಿಗೆ ಕುಂತು ರೊಟ್ಟಿ ತಿಂದ್ರಿ.” ನಾನು ಹೌದೆಂದೆ. “ಮೂರ್ ಮೂರು.” ಹೌದೆಂದೆ. ಆಕೆ ಎದ್ದು, ತಡವರಿಸಿ, ನನ್ನ ಕೈಯನ್ನು ತಳ್ಳಿ, ಗೋಡೆ ಹಿಡಿದುಕೊಂಡು ಒಳಗೆ ನಡೆದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಅಪರಾಧಿಯಂತೆ ನಿಂತೆ. ಮುಚ್ಚಿಟ್ಟ ಬುಟ್ಟಿಯಿಂದ ಆಕೆ ತಂಗಳು ರೊಟ್ಟಿ ತೆಗೆದು, ಶೇಂಗಾ ಚಟ್ನಿ ಹಚ್ಚಿಕೊಂಡು, ನನ್ನ ಕಡೆ ಬೆನ್ನು ಮಾಡಿ ತಿಂದಳು. ಒಂದು ರೊಟ್ಟಿ ಮುಗಿಯಿತು. ನೀರು ಕುಡಿದಳು. ಎರಡನೆಯದನ್ನು ಮುರಿಯುತ್ತ, ತಿರುಗದೆಯೇ, “ಅಲ್ಲೆ ಯಾವಾಕೀನೋ ಅದಾಳ ಅಂತ ತಿಳಿದಿದ್ದೆ ನಾ,” ಎಂದಳು.

“ಯಾವಾಗ?”

“ಹನ್ನೊಂದ್ ವರ್ಷಾನೂ. ಚಳಿ ಬಿತ್ತಂದ್ರ ನಿಮ್ಮ ಮಾರಿ ಎಲ್ಲೋ ಹೋಗತಿತ್ತು. ಕಾಶ್ಮೀರದ ಹೆಂಗಸರು ಭಾಳ ಬೆಳ್ಳಗ ಇರ್ತಾರಂತ ಬಾಜೂಮನಿ ನಾಗವ್ವ ಹೇಳಿದ್ಲು. ಅಕೀ ಜೋಡಿ ಮನಸಿನ್ಯಾಗ ಎಷ್ಟ್ ಜಗಳಾ ಮಾಡೇನಿ, ನಿಮಗೇನ್ ಗೊತ್ತು. ಈಗ ನೋಡಿದ್ರ, ಗುಡ್ಡ!” ಆಕೆಯ ಬೆನ್ನು ಅಲುಗತೊಡಗಿತು, ಅಳುವೋ ನಗುವೋ ತಿಳಿಯದೆ ನಾನು ಹೆದರಿದೆ. ತಿರುಗಿದಾಗ ಕಣ್ಣಲ್ಲಿ ನೀರೂ ಇತ್ತು, ಬಾಯಲ್ಲಿ ರೊಟ್ಟಿಯೂ ಇತ್ತು. “ಹೆಂಗಿರತೈತಿ ಅದು? ಹೇಳ್ರಿ. ಇಷ್ಟೆಲ್ಲಾ ಮಾಡಿಸಿದ್ದು ಹೆಂಗಿರತೈತಿ?”

ಹೇಳಲು ಪ್ರಯತ್ನಿಸಿದೆ. ನಾನು ಓದಿದ ಕಾದಂಬರಿಗಳ ಅಲಂಕಾರಗಳೆಲ್ಲ ನಾಲಗೆಯ ತುದಿಗೆ ಬಂದವು, ಒಂದೂ ಉಪಯೋಗಕ್ಕೆ ಬರಲಿಲ್ಲ. ಮೊದಲು ಸದ್ದಿರುವುದಿಲ್ಲ ಎಂದೆ. ಆಮೇಲೆ ಹೊಸ ಸೀರೆ ಹರಿದಂತೆ ಒಂದು ಸಣ್ಣ ಸದ್ದು. ಮೂಗಿನ ತುದಿ ನಮ್ಮದಲ್ಲ ಅನ್ನಿಸುತ್ತದೆ. ಬೀಳುತ್ತಿದ್ದೇವೆ, ಬೀಳುವುದೂ ಇಲ್ಲ. ಆ ಎರಡರ ನಡುವೆ ಯಾರ ಮಗನೂ ಅಲ್ಲ, ಯಾರ ಆಳೂ ಅಲ್ಲ ಎಂದೆ. ಯಾರ ಗಂಡನೂ ಅಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಕೆ ಅದನ್ನೂ ಕೇಳಿಸಿಕೊಂಡವಳಂತೆ ತಲೆದೂಗಿದಳು. “ಇಷ್ಟು ಚೆಂದದ್ದು,” ಎಂದಳು, “ಒಂದ್ ದಿನಾನೂ ಹೇಳ್ಲಿಲ್ಲ.”

ಸೋಮವಾರ ಕಲ್ಲಯ್ಯನವರು ಮಠದಲ್ಲಿ ಹೊಸ ಲಿಂಗವನ್ನು ಕಟ್ಟಿದರು. ನಿಜವನ್ನು ಅವರಿಗೂ ಹೇಳಿದೆ. ಅವರು ಶಿವದಾರಕ್ಕೆ ಒಂದರ ಮೇಲೊಂದು ಮೂರು ಗಂಟು ಬಿಗಿದು, “ಬೀಳಾವನ ಇದ್ದಿ,” ಎಂದರಷ್ಟೇ. ಅದಕ್ಕೂ ಮೊದಲೇ ಕಾಕಾ ಅವರಿಗೆ ಹೇಳಿದ್ದು ಹೆಚ್ಚು ಕಷ್ಟವಾಗಿತ್ತು. ಅವರು ಎರಡು ದಿನ ನನ್ನೊಡನೆ ಮಾತಾಡಿರಲಿಲ್ಲ.

ಮಂಗಳವಾರ ಟ್ರಂಕು ತುಂಬಿದೆ. ಎರಡು ಉಣ್ಣೆಯ ಬನಿಯನ್ನು, ಕಾಲಿಗೆ ಸುತ್ತುವ ಪಟ್ಟಿ, ಮೇಣದ ಡಬ್ಬಿ, ನೀಲಗಂಗವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ. ಹೋಳಿಗೆಯ ಗಂಟನ್ನು ಆಕೆ ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. “ಶಿವರಾತ್ರಿಗೆ ಬರಬೇಕು,” ಎಂದಳು. “ಕಾಲು ಮುರಕೊಂಡ್ರ ಅಲ್ಲೇ ಇರ್ರಿ, ನಾ ಮಾಡಂಗಿಲ್ಲ ನಿಮ್ಮ ಸೇವಾ.” ಟಾಂಗಾ ಬಾಗಿಲಿಗೆ ಬಂತು. ಮಿರಜ ಜಂಕ್ಷನ್ನಿನಲ್ಲಿ ಪುಣೆಯ ಗಾಡಿ ಹಿಡಿಯಬೇಕಿತ್ತು. ಟ್ರಂಕನ್ನು ಏರಿಸುತ್ತಿದ್ದಾಗ ಗುರುಸಿದ್ಧಪ್ಪ ಕಾಕಾ ಅಂಗಡಿಯಿಂದ ನಡೆದುಬಂದರು. ಬೀದಿಯ ಅಂಗಡಿಗಳ ಜನ ಕಟ್ಟೆಗೆ ಬಂದು ನಿಂತಿದ್ದರು. ಪುಣ್ಯಕಾರ್ಯಕ್ಕೆ ಹೊರಟವನನ್ನು ಕಳಿಸಿಕೊಡಲು ಒಬ್ಬಿಬ್ಬರ ಕೈಯಲ್ಲಿ ಹೂವಿತ್ತು. ಕಾಕಾ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಮಂದೀಗೆ ಲಿಂಗ ಹುಡುಕಾಕ ಹೋಗ್ಯಾನ ಅಂತ ಹೇಳ್ತೀನಿ. ಹಂಗ ಇರ್ಲಿ ಬಿಡು. ಯಾರಿಗೇನ್ ಹಾನಿ?”

“ಬ್ಯಾಡ್ರಿ ಕಾಕಾ. ಜಾರಾಕ ಹೋಗ್ಯಾನ ಅನ್ರಿ.”

“ನಗ್ತಾರೋ.”

“ನಗ್ಲಿ ರಿ.”

“ಮನಿತನಕ್ಕ ನಗ್ತಾರ. ನನಗ ನಗ್ತಾರ.”

ನಾನು ಬಗ್ಗಿ ಅವರ ಪಾದ ಮುಟ್ಟಿದೆ. ಕಾಕಾ ಕೊಡೆಯ ತುದಿಯಿಂದ ಟಾಂಗಾದ ಗಾಲಿಯನ್ನು ಬಡಿದು, ಎರಡೂ ಕಡೆಯ ಕಟ್ಟೆಗಳಿಗೆ ಕೇಳುವಂತೆ, ಹರಾಜಿನಲ್ಲಿ ಕೂಗುವ ತಮ್ಮ ದೊಡ್ಡ ದನಿಯಲ್ಲಿ ಹೇಳಿದರು:

“ಮಿರಜ ಟೇಸನ್ನಿಗೆ ಬಿಡೋ ಇವನ್ನ. ಬರ್ಫದ ಮ್ಯಾಲ ಜಾರಾಕ ಹೊಂಟಾನ ನಮ್ಮ ರೇವೂ!”

ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ. ಟಾಂಗಾದವನು ತಿರುಗಿ, ಇದು ಖರೆಯೇ ಎಂಬಂತೆ ನನ್ನ ಮುಖ ನೋಡಿದ. ನಾನು ಟ್ರಂಕನ್ನು ಕಾಲುಗಳ ನಡುವೆ ಎಳೆದುಕೊಂಡು, ಹೌದೆಂದು ತಲೆಯಾಡಿಸಿದೆ. ಕುದುರೆ ಹೊರಟಿತು.